ಹಳ್ಳ ಅಂದ್ರೆ ಹಳ್ಳ

ಹೆಬ್ಬೆರಳಿಗೆ ಗಾತ್ರದಿಂದ ಹೆಸರು ಬಂತು, ತೋರುಬೆರಳಿಗೆ ಕೆಲಸದಿಂದ, ನಡುಬೆರಳಿಗೆ ಜಾಗದಿಂದ. ಕಿರುಬೆರಳಿಗೂ ಗಾತ್ರವೇ ಹೆಸರಾಯಿತು. ಉಳಿದ ಒಂದನ್ನು ಉಂಗುರದ ಬೆರಳು ಎಂದೆವು. ಅದು ಬೆರಳಿನ ಹೆಸರಲ್ಲ, ಅದಕ್ಕೆ ತೊಡಿಸಿದ ಒಡವೆಯ ಹೆಸರು. ಸಂಸ್ಕೃತ ಆ ಬೆರಳನ್ನು ‘ಅನಾಮಿಕಾ’ ಎಂದಿತು, ಅಂದರೆ ಹೆಸರಿಲ್ಲದ್ದು. ಚೀನೀ ಭಾಷೆಯಲ್ಲೂ ಅದು ಹೆಸರಿಲ್ಲದ ಬೆರಳೇ. ರಷ್ಯನ್ನರು ಅದಕ್ಕೆ ‘ಬೆಜಿಮ್ಯಾನಿ’ ಬೆರಳು ಎನ್ನುತ್ತಾರೆ. ಅರ್ಥ ಅದೇ.

ರಷ್ಯಾದ ಪೂರ್ವದ ತುದಿಯಲ್ಲಿರುವ ಕಮ್ಚಾಟ್ಕಾ ಪರ್ಯಾಯದ್ವೀಪದಲ್ಲಿ ಇದೇ ಹೆಸರಿನ ಬೆಟ್ಟವೊಂದಿದೆ. ಅದರ ಪಕ್ಕದಲ್ಲೇ ಸುಮಾರು 4,750 ಮೀಟರ್ ಎತ್ತರದ ಕ್ಲ್ಯುಚೆವ್‌ಸ್ಕೊಯ್ ಜ್ವಾಲಾಮುಖಿ ನಿಂತಿದೆ. ಮತ್ತೊಂದು ಮಗ್ಗುಲಿಗೆ ಕಾಮೆನ್ ಎಂಬ ದೊಡ್ಡ ಶಿಖರ. ಇವೆರಡರ ನೆರಳಿನಲ್ಲಿ 3,000 ಮೀಟರ್ ಆಸುಪಾಸಿನ ಈ ಬೆಟ್ಟವನ್ನು ಯಾರೂ ಬೇರೆಯಾಗಿ ಗುರುತಿಸಬೇಕಾಗಿ ಬರಲಿಲ್ಲ. ನಕ್ಷೆ ಬರೆಯುವವರು ಅದನ್ನು ಹೆಸರಿಲ್ಲದ್ದು ಎಂದೇ ಬರೆದರು, ಆ ಬರಹವೇ ಹೆಸರಾಗಿ ನಿಂತಿತು. ಬೆಂಕಿ ಆರಿಹೋಗಿ ಸಾವಿರ ವರ್ಷ ಕಳೆದ ಬೆಟ್ಟ ಎಂದು ಭೂವಿಜ್ಞಾನಿಗಳೂ ಅದನ್ನು ಅದರ ಪಾಡಿಗೆ ಬಿಟ್ಟಿದ್ದರು. 1955ರ ಅಕ್ಟೋಬರಿನಲ್ಲಿ ಅದು ಎದ್ದಿತು. 1956ರ ಮಾರ್ಚ್ 30ರಂದು ಬೆಟ್ಟದ ಒಂದು ಮಗ್ಗುಲು ಪೂರ್ತಿ ಕುಸಿದು, ಒಳಗಿದ್ದ ಕಾದ ಅನಿಲ ಮತ್ತು ಕಲ್ಲು ಮೇಲಕ್ಕೆ ಚಿಮ್ಮುವ ಬದಲು ಅಡ್ಡಕ್ಕೆ ಸಿಡಿದವು. ಬೂದಿಯ ಕಂಬ ವಿಮಾನಗಳು ಹಾರುವ ಎತ್ತರವನ್ನೂ ಮೀರಿ ಏರಿತು. ಸುತ್ತ ಜನವಸತಿ ಇರಲಿಲ್ಲವಾದ್ದರಿಂದ ಯಾರೂ ಸಾಯಲಿಲ್ಲ. ಕ್ಲ್ಯುಚಿ ಎಂಬ ಊರಿನ ವೀಕ್ಷಣಾಲಯದಿಂದ ಇದನ್ನು ಅಧ್ಯಯನ ಮಾಡಿದ ಗೋರ್ಶ್ಕೋವ್, ಜ್ವಾಲಾಮುಖಿ ಹೀಗೆ ಪಕ್ಕಕ್ಕೂ ಸಿಡಿಯಬಲ್ಲದು ಎಂದು ಬರೆದರು. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತವೂ ಹಾಗೆಯೇ ಪಕ್ಕಕ್ಕೆ ಸಿಡಿದಾಗ ಜಗತ್ತಿನ ಜ್ವಾಲಾಮುಖಿ ತಜ್ಞರೆಲ್ಲ ಕಮ್ಚಾಟ್ಕಾದ ವರದಿಗಳನ್ನು ತೆರೆದು ಕೂತರು. ಇವತ್ತು ಅಂಥ ಸ್ಫೋಟದ ಒಂದು ಬಗೆಗೆ ಪಠ್ಯಪುಸ್ತಕಗಳಲ್ಲಿ ಬೆಜಿಮ್ಯಾನಿ ಮಾದರಿ ಎಂದೇ ಹೆಸರು.

ನೆಲದ ಮೇಲೆ ಹೆಸರು ಎಲ್ಲಿ ಹುಟ್ಟುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಮಾತ್ರ ಇಂಥ ದೊಡ್ಡ ಬೆಟ್ಟದಿಂದಲ್ಲ, ಅಜ್ಜನ ಮನೆಯ ಹಿತ್ತಿಲಿನಿಂದ. ತೀರ್ಥಹಳ್ಳಿ ಸೀಮೆಯಲ್ಲಿ ಆ ಮನೆ. ಹಿಂದೆ ಬ್ಯಾಣ, ಮುಂದೆ ಅಡಿಕೆ ತೋಟ, ತೋಟದ ಅಂಚಿಗೆ ಒಂದು ನೀರಿನ ಹರಿವು. ಅದನ್ನು ದಾಟಲು ಎರಡು ಅಡಿಕೆ ಮರ ಹಾಸಿದ ಸಂಕ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಐವತ್ತು ಸಾವಿರಕ್ಕೊಂದು ಅಳತೆಯ ನಕ್ಷೆಯನ್ನು ಒಮ್ಮೆ ಆ ಮನೆಯ ಜಗಲಿಯಲ್ಲಿ ಹರಡಿಕೊಂಡು ಕೂತಿದ್ದೆ. ಆ ನಕ್ಷೆಯಲ್ಲಿ ನೆಲದ ಒಂದು ಕಿಲೋಮೀಟರಿಗೆ ಕಾಗದದ ಮೇಲೆ ಎರಡು ಸೆಂಟಿಮೀಟರ್. ತುಂಗಾ ನದಿ ಹೆಸರು ಹೊತ್ತು ಹರಿಯುತ್ತಿತ್ತು, ಅದಕ್ಕೆ ಸೇರುವ ದೊಡ್ಡ ಹಳ್ಳಗಳಿಗೂ ಹೆಸರಿತ್ತು. ಮನೆಯ ಪಕ್ಕದ ಹರಿವು ಕೂದಲೆಳೆಯಂಥ ಗೆರೆಯಾಗಿ ಅಲ್ಲಿತ್ತು, ಹೆಸರಿರಲಿಲ್ಲ. ಮಾವನನ್ನು ಕೇಳಿದೆ.

“ಹೆಸ್ರಾ? ಹಳ್ಳಕ್ಕೆ ಎಂಥ ಹೆಸ್ರು ಮಾರಾಯಾ, ಹಳ್ಳ ಅಂದ್ರೆ ಹಳ್ಳ.”

ಅರವತ್ತು ವರ್ಷ ಆ ನೀರಿಗೆ ಕಟ್ಟ ಹಾಕಿ ತೋಟಕ್ಕೆ ಹಾಯಿಸಿದವರು ಮಾವ. ಅದರ ಯಾವ ಗುಂಡಿಯಲ್ಲಿ ಏಡಿ ಸಿಗುತ್ತದೆ, ಯಾವ ತಿರುವಿನಲ್ಲಿ ದರೆ ಜರಿಯುತ್ತದೆ, ಯಾವ ನಕ್ಷತ್ರದ ಮಳೆಗೆ ಸಂಕ ಮುಳುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು. ಅಷ್ಟು ಬಲ್ಲವರಿಗೆ ಅದರ ಹೆಸರು ಗೊತ್ತಿಲ್ಲದ್ದಲ್ಲ, ಬೇಕಾಗಿರಲಿಲ್ಲ. ಆ ಮನೆಗೆ ಇರುವುದು ಒಂದೇ ಹಳ್ಳ. ಸಂಕ ದಾಟಿ ಮುಕ್ಕಾಲು ಮೈಲಿ ಕೆಳಗಿನ ಊರಿಗೆ ಹೋದಾಗ ಅದೇ ನೀರಿಗೆ ಹೆಸರು ಇರುವುದು ತಿಳಿಯಿತು. ಅವರು ಅದನ್ನು ಮಾವನ ಊರಿನ ಹೆಸರು ಸೇರಿಸಿ ‘ಇಂಥೂರಿನ ಹಳ್ಳ’ ಎನ್ನುತ್ತಾರೆ, ಏಕೆಂದರೆ ಅವರ ಗದ್ದೆಬಯಲಿಗೆ ಎರಡು ಹಳ್ಳಗಳು ಬಂದು ಕೂಡುತ್ತವೆ. ಎರಡಾದಾಗ ಹೆಸರು ಬೇಕಾಯಿತು. ಮೇಲಿನವರು ಕೊಡದ ಹೆಸರನ್ನು ಕೆಳಗಿನವರು ಕೊಟ್ಟರು.

ಹೀಗೆ ಹೆಸರಿಲ್ಲದೆ ಉಳಿಯುವ ನೀರು ಎಷ್ಟಿರಬಹುದು? ಇದಕ್ಕೆ ಒಂದು ಲೆಕ್ಕವೇ ಇದೆ. ಅಮೆರಿಕದ ಎಂಜಿನಿಯರ್ ರಾಬರ್ಟ್ ಹಾರ್ಟನ್ 1945ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ನದಿಗಳನ್ನು ನೋಡುವ ಕಣ್ಣನ್ನೇ ಬದಲಿಸಿತು. ತೊರೆಗಳಿಗೆ ದರ್ಜೆ ಕೊಡುವ ಅದರ ಕ್ರಮವನ್ನು 1952ರಲ್ಲಿ ಆರ್ಥರ್ ಸ್ಟ್ರಾಲರ್ ಸರಳಗೊಳಿಸಿದರು. ಬೇರೆ ಯಾವ ತೊರೆಯನ್ನೂ ಕೂಡಿಸಿಕೊಳ್ಳದ, ಗುಡ್ಡದಿಂದ ನೇರವಾಗಿ ಇಳಿದುಬರುವ ನೀರು ಒಂದನೆಯ ದರ್ಜೆಯದು. ಒಂದನೆಯ ದರ್ಜೆಯ ಎರಡು ಕೂಡಿದರೆ ಎರಡನೆಯದು. ಎರಡನೆಯ ದರ್ಜೆಯ ಎರಡು ಕೂಡಿದರೆ ಮೂರನೆಯದು. ಚಿಕ್ಕದೊಂದು ದೊಡ್ಡದಕ್ಕೆ ಬಂದು ಸೇರಿದರೆ ದೊಡ್ಡದರ ದರ್ಜೆ ಏರುವುದಿಲ್ಲ. ಹೀಗೆ ಎಣಿಸುತ್ತ ಹೋದಾಗ ಹಾರ್ಟನ್‌ಗೆ ಕಂಡದ್ದು ಅಚ್ಚರಿಯ ಕಟ್ಟುನಿಟ್ಟು. ಪ್ರತಿ ದರ್ಜೆ ಕೆಳಗಿಳಿದಂತೆ ತೊರೆಗಳ ಸಂಖ್ಯೆ ಸಾಮಾನ್ಯವಾಗಿ ಮೂರರಿಂದ ಐದು ಪಟ್ಟು ಹೆಚ್ಚುತ್ತದೆ. ಮರುಭೂಮಿಯಾದರೂ ಮಳೆಕಾಡಾದರೂ ಈ ಅನುಪಾತ ಬಹಳ ಕದಲುವುದಿಲ್ಲ.

ನಾಲ್ಕು ಪಟ್ಟು ಎಂದೇ ಇಟ್ಟುಕೊಳ್ಳೋಣ. ಆರನೆಯ ದರ್ಜೆಯ ಒಂದು ಹೊಳೆಗೆ ಐದನೆಯ ದರ್ಜೆಯ ನಾಲ್ಕು, ಆಮೇಲೆ 16, 64, 256, ಕೊನೆಗೆ ಒಂದನೆಯ ದರ್ಜೆಯ 1,024 ತೊರೆಗಳು. ಒಟ್ಟು 1,365. ಇದರಲ್ಲಿ ಮೇಲಿನ ನಾಲ್ಕು ದರ್ಜೆಯವಕ್ಕೆಲ್ಲ, ಅಂದರೆ 85ಕ್ಕೆ, ಜನ ಹೆಸರಿಟ್ಟರು ಎಂದುಕೊಂಡರೂ ಉಳಿದ 1,280 ಹೆಸರಿಲ್ಲದೆ ಹರಿಯುತ್ತವೆ. ಇದು ಯಾರ ಅಸಡ್ಡೆಯೂ ಅಲ್ಲ. ಕವಲೊಡೆಯುವ ಯಾವುದೇ ವ್ಯವಸ್ಥೆಯ ಗಣಿತ ಹೀಗೆಯೇ. ಮಾವಿನಮರಕ್ಕೆ ಹೆಸರಿಡಬಹುದು, ದೊಡ್ಡ ಕೊಂಬೆಗೂ ಇಡಬಹುದು, ಚಿಗುರುಗಳಿಗೆ ಹೆಸರಿಡುತ್ತ ಕೂರಲಾಗುವುದಿಲ್ಲ.

ಆದರೆ ನೀರನ್ನು ಹೊತ್ತು ತರುವವು ಆ ಚಿಗುರುಗಳೇ. ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ ಹೊಳೆಗಳ ಒಟ್ಟು ಉದ್ದದ ಸುಮಾರು ಶೇ. 53ರಷ್ಟು ಇಂಥ ಮೂಲದ ತೊರೆಗಳದು ಎಂದು ಅಲ್ಲಿನ ಲೆಕ್ಕಾಚಾರ ಹೇಳುತ್ತದೆ. ತೊರೆ ಚಿಕ್ಕದಾದಷ್ಟೂ ಅದರ ನೀರು ತಳದ ಮಣ್ಣು, ಕಲ್ಲು, ಪಾಚಿಗೆ ಹೆಚ್ಚು ತಾಗಿಕೊಂಡು ಹರಿಯುತ್ತದೆ. ಹೊಲಗಳಿಂದ ತೊಳೆದುಬಂದ ಸಾರಜನಕವನ್ನು ಹಿಡಿದು ಅರಗಿಸಿಕೊಳ್ಳುವುದರಲ್ಲಿ ದೊಡ್ಡ ನದಿಗಿಂತ ಈ ಕಿರುತೊರೆಗಳೇ ಚುರುಕು. ಇವುಗಳಲ್ಲಿ ಬಹಳಷ್ಟು ಬೇಸಿಗೆಯಲ್ಲಿ ಬತ್ತುತ್ತವೆ. ಅದನ್ನು ಕೊರತೆ ಎಂದು ನೋಡುವ ಹಳೆಯ ಅಭ್ಯಾಸ ಸರಿಯಲ್ಲ ಎಂದು 2021ರ ಒಂದು ಜಾಗತಿಕ ಅಧ್ಯಯನ ತೋರಿಸಿತು. ಭೂಮಿಯ ಮೇಲಿನ ಹೊಳೆಗಳ ಒಟ್ಟು ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 51ರಿಂದ 60ರಷ್ಟು, ವರ್ಷದಲ್ಲಿ ಒಂದು ದಿನವಾದರೂ ಹರಿವು ನಿಲ್ಲಿಸುತ್ತವೆ. ಸದಾ ಹರಿಯುವುದೇ ನದಿಯ ಸಹಜ ಸ್ಥಿತಿ ಎಂದುಕೊಂಡಿದ್ದವರಿಗೆ, ನಿಂತು ಹರಿಯುವುದೇ ಹೆಚ್ಚು ಸಾಮಾನ್ಯ ಎಂದು ಗೊತ್ತಾಯಿತು.

ಇಲ್ಲಿ ಕನ್ನಡದ ‘ಹಳ್ಳ’ ಎಂಬ ಪದವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಬೇಕು. ನೀರಿದ್ದರೂ ಹಳ್ಳ, ನೀರಿಲ್ಲದಿದ್ದರೂ ಹಳ್ಳ. ರಸ್ತೆಯಲ್ಲಿ ತಗ್ಗು ಬಿದ್ದರೂ ಹಳ್ಳವೇ. ಪದದ ಒತ್ತು ನೀರಿನ ಮೇಲಲ್ಲ, ನೆಲದ ಆಕಾರದ ಮೇಲೆ. ಪಶ್ಚಿಮ ಆಸ್ಟ್ರೇಲಿಯಾದ ಯಿಂಜಿಬಾರ್ಂಡಿ ಜನರ ನಡುವೆ ಡೇವಿಡ್ ಮಾರ್ಕ್ ಮತ್ತು ಆಂಡ್ರ್ಯೂ ಟರ್ಕ್ ಎಂಬ ಇಬ್ಬರು ವಿದ್ವಾಂಸರು ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಲಸ ಮಾಡಿದರು. ಆ ಭಾಷೆಯಲ್ಲಿ ಹೊಳೆಯ ಪಾತ್ರಕ್ಕೆ ‘ವುಂಡು’ ಎಂದು ಪದ. ನೀರು ಬರಲಿ ಬಾರದಿರಲಿ ಅದು ವುಂಡು. ಅಲ್ಲಿ ಬಂದು ನಿಲ್ಲುವ ನೀರಿಗೆ, ಹರಿಯುವ ನೀರಿಗೆ ಬೇರೆ ಪದಗಳು. ಇಂಗ್ಲಿಷಿನ ‘ರಿವರ್’ ಅವರಿಗೆ ಹೊಂದಲಿಲ್ಲ. ನೆಲವನ್ನು ತುಂಡುಗಳಾಗಿ ವಿಂಗಡಿಸುವ ಕೆಲಸವನ್ನು ಪ್ರಕೃತಿ ಮಾಡಿ ಮುಗಿಸಿಲ್ಲ, ಪ್ರತಿ ಭಾಷೆಯೂ ತನ್ನದೇ ಬಗೆಯಲ್ಲಿ ಮಾಡುತ್ತದೆ ಎಂಬುದು ಅವರ ಅಧ್ಯಯನದ ತಿರುಳು. ನಮ್ಮಲ್ಲೇ ನೋಡಿ: ಗುಡ್ಡ, ಬೆಟ್ಟ, ದಿಣ್ಣೆ, ದಿಬ್ಬ, ಮರಡಿ, ಬೋರೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಅಳತೆಪಟ್ಟಿ ಹಿಡಿದು ಹೇಳಲಾಗದು. ಹಾಗಾಗಿ ಜಗತ್ತಿನಲ್ಲಿ ಹೆಸರಿಲ್ಲದ ಬೆಟ್ಟಗಳು ಒಟ್ಟು ಎಷ್ಟು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಮೊದಲು ಬೆಟ್ಟ ಎಷ್ಟು ಎಂದು ಹೇಳಬೇಕಲ್ಲ. ಒಂದೇ ಸಾಲಿನ ಎರಡು ನೆತ್ತಿಗಳ ನಡುವಿನ ತಗ್ಗು ಎಷ್ಟು ಆಳವಿದ್ದರೆ ಅವನ್ನು ಎರಡು ಶಿಖರ ಎನ್ನಬೇಕು? ನೂರು ಮೀಟರ್ ಎಂದರೆ ಒಂದು ಸಂಖ್ಯೆ, ಮೂವತ್ತು ಎಂದರೆ ಮತ್ತೊಂದು.

ಸರೋವರಗಳ ವಿಷಯದಲ್ಲಿ ಈ ತೊಡಕು ಕಡಿಮೆ, ಏಕೆಂದರೆ ಅವಕ್ಕೆ ದಡವಿದೆ. ಹತ್ತು ಹೆಕ್ಟೇರಿಗಿಂತ ದೊಡ್ಡ ಸರೋವರಗಳನ್ನು ಮಾತ್ರ ಎಣಿಸಿದ ಜಾಗತಿಕ ದತ್ತಾಂಶವೊಂದರಲ್ಲಿ 14 ಲಕ್ಷಕ್ಕೂ ಹೆಚ್ಚು ಸರೋವರಗಳಿವೆ. ಬಹುಪಾಲು ಇರುವುದು ಹಿಮಯುಗದ ನೀರ್ಗಲ್ಲು ಉಜ್ಜಿಹೋದ ಕೆನಡಾ, ರಷ್ಯಾ, ಸ್ಕ್ಯಾಂಡಿನೇವಿಯಾಗಳ ಉತ್ತರ ಭಾಗದಲ್ಲಿ. ಯಾರೂ ದೋಣಿ ಇಳಿಸದ, ಯಾರೂ ದಡದಲ್ಲಿ ಮನೆ ಕಟ್ಟದ ಆ ನೀರುಗಳಿಗೆ ಇರುವುದು ಅಕ್ಷಾಂಶ, ರೇಖಾಂಶ ಮಾತ್ರ.

ಹೆಸರಿನ ಬದಲು ಸಂಖ್ಯೆ ಕೊಡುವ ಪದ್ಧತಿ ಶಿಖರಗಳ ಲೋಕದಲ್ಲಿ ಬೇರೂರಿದ್ದು ನಮ್ಮ ದೇಶದಲ್ಲೇ. ಅದರ ಬೇರು ಕರ್ನಾಟಕದ ನೆಲದಲ್ಲಿದೆ ಎಂಬುದು ಹೆಚ್ಚು ಜನಕ್ಕೆ ನೆನಪಿಲ್ಲ. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್, ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯನ್ನು ತ್ರಿಕೋನಗಳ ಮೂಲಕ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದ. 1802ರಲ್ಲಿ ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಆಧಾರರೇಖೆ ಎಳೆದು ಮಹಾ ತ್ರಿಕೋನಮಿತೀಯ ಸರ್ವೆಯನ್ನು ಆರಂಭಿಸಿದ. ಒಂದು ಬದಿಯ ಉದ್ದ ಗೊತ್ತಿದ್ದು, ಎರಡು ತುದಿಯಿಂದ ಕೋನ ಅಳೆದರೆ ದೂರದ ಬೆಟ್ಟದ ನೆಲೆ ಸಿಗುತ್ತದೆ. ಅಲ್ಲಿಗೆ ಹೋಗಬೇಕಾಗಿಲ್ಲ. ಈ ಉಪಾಯದ ಬಲವೂ ಕೊರತೆಯೂ ಅಲ್ಲೇ ಇದೆ. ಹೋಗದೆಯೇ ಅಳೆಯಬಹುದು. ಆದರೆ ಹೋಗದವನಿಗೆ ಅಲ್ಲಿನವರು ಅದನ್ನು ಏನೆಂದು ಕರೆಯುತ್ತಾರೆ ಎಂದು ತಿಳಿಯುವುದು ಹೇಗೆ?

ಹಾಗಾಗಿ ಸರ್ವೆಯವರು ಶಿಖರಗಳಿಗೆ ತಾತ್ಕಾಲಿಕ ಗುರುತು ಹಾಕುತ್ತ ಹೋದರು. ರಾಧಾನಾಥ ಸಿಕ್ದಾರ್ ಅವರ ಲೆಕ್ಕದಿಂದ 1852ರಲ್ಲಿ ಜಗತ್ತಿನ ಅತಿ ಎತ್ತರದ್ದೆಂದು ಗೊತ್ತಾದ ಪರ್ವತ ಆಗ ಬರೀ ‘15ನೇ ಶಿಖರ’. ಸ್ಥಳೀಯ ಹೆಸರನ್ನೇ ಬಳಸಬೇಕೆಂಬುದು ಸರ್ವೆಯ ರೂಢಿಯಾಗಿತ್ತು. ಈ ಶಿಖರಕ್ಕೆ ಒಪ್ಪಿತವಾದ ಸ್ಥಳೀಯ ಹೆಸರು ಸಿಗಲಿಲ್ಲ ಎಂದು ಸರ್ವೆಯ ಮುಖ್ಯಸ್ಥ ಆ್ಯಂಡ್ರ್ಯೂ ವಾ ತನ್ನ ಹಿಂದಿನ ಅಧಿಕಾರಿ ಎವರೆಸ್ಟನ ಹೆಸರನ್ನು ಸೂಚಿಸಿದ, 1865ರಲ್ಲಿ ಅದು ಅಧಿಕೃತವಾಯಿತು. ಟಿಬೆಟಿನವರಿಗೆ ಅದು ಬಹಳ ಹಿಂದಿನಿಂದ ಚೊಮೊಲುಂಗ್ಮಾ. ಹೆಸರಿಲ್ಲ ಎಂದು ಬರೆದ ಎಷ್ಟೋ ಕಡೆ ನಡೆದಿರುವುದು ಇದೇ. ಹೆಸರು ಇರಲಿಲ್ಲವೆಂದಲ್ಲ, ಕೇಳಿದವನಿಗೆ ಸಿಗಲಿಲ್ಲ.

ಎರಡನೆಯ ಅತಿ ಎತ್ತರದ ಶಿಖರದ ಕತೆ ಹಾಗಲ್ಲ, ಅದಕ್ಕೇ ನನಗೆ ಅದರ ಮೇಲೆ ಹೆಚ್ಚು ಪ್ರೀತಿ. 1856ರಲ್ಲಿ ಅದೇ ಸರ್ವೆಯ ಥಾಮಸ್ ಮಾಂಟ್ಗೊಮೆರಿ ಕಾಶ್ಮೀರದ ಹರ್ಮುಖ್ ಬೆಟ್ಟದ ಮೇಲೆ ಉಪಕರಣ ಹೂಡಿ ನಿಂತಾಗ, 200 ಕಿಲೋಮೀಟರಿಗೂ ದೂರದಲ್ಲಿ ಕಾರಕೋರಂ ಸಾಲಿನ ಎರಡು ಎದ್ದುಕಾಣುವ ನೆತ್ತಿಗಳು ಕಂಡವು. ಕಾರಕೋರಂನ ಮೊದಲಕ್ಷರ ಹಿಡಿದು ಕೆ1, ಕೆ2 ಎಂದು ಬರೆದುಕೊಂಡ. ಆಮೇಲೆ ವಿಚಾರಿಸಿದಾಗ ಕೆ1ಕ್ಕೆ ಅಲ್ಲಿನ ಜನ ಮಶೆರ್ಬ್ರುಮ್ ಎನ್ನುತ್ತಾರೆಂದು ತಿಳಿಯಿತು, ಆ ಹೆಸರು ನಕ್ಷೆಗೆ ಬಂತು. ಕೆ3, ಕೆ4, ಕೆ5 ಇಂದು ಗಶೆರ್ಬ್ರುಮ್ ಗುಂಪಿನ ಹೆಸರಿನಲ್ಲಿವೆ. 8,611 ಮೀಟರಿನ ಕೆ2ಗೆ ಮಾತ್ರ ಎಲ್ಲರೂ ಒಪ್ಪುವ ಊರ ಹೆಸರು ಸಿಗಲಿಲ್ಲ. ಕಾರಣ ಸರಳ. ಆ ದಾರಿಯ ಕೊನೆಯ ಹಳ್ಳಿ ಅಸ್ಕೋಲೆಯಿಂದ ಅದು ಕಾಣುವುದೇ ಇಲ್ಲ. ನೀರ್ಗಲ್ಲಿನ ಮೇಲೆ ದಿನಗಟ್ಟಲೆ ನಡೆದರೆ ಮಾತ್ರ ಅದು ಎದುರಾಗುತ್ತದೆ. ಕುರಿ ಮೇಯಿಸಲು, ಕಟ್ಟಿಗೆ ತರಲು, ಇನ್ನೊಂದು ಊರಿಗೆ ಹೆಣ್ಣು ಕೊಡಲು ಯಾರೂ ಅತ್ತ ಹೋಗುವುದಿಲ್ಲ. ಮನೆಯಂಗಳದಿಂದ ಕಾಣುವ ಚಿಕ್ಕ ಗುಡ್ಡಕ್ಕೆ ಹೆಸರಿದೆ, ಕಾಣದ ಮಹಾಪರ್ವತಕ್ಕೆ ಇಲ್ಲ. ನಂತರ ಗಾಡ್ವಿನ್-ಆಸ್ಟಿನ್ ಎಂಬ ಸರ್ವೆ ಅಧಿಕಾರಿಯ ಹೆಸರನ್ನು ಅಂಟಿಸುವ ಪ್ರಯತ್ನ ನಡೆಯಿತು, ಅದು ನಿಲ್ಲಲಿಲ್ಲ. ಸರ್ವೆ ಪುಸ್ತಕದ ಆ ಕ್ರಮಾಂಕವೇ ಹೆಸರಾಗಿ ಉಳಿಯಿತು. ಈಗ ಅಲ್ಲಿನವರ ಬಾಯಲ್ಲೂ ಅದು ಕೆಟೂ.

ಇದೇ ಬಗೆಯ ಹೆಸರಿಲ್ಲದ ನೆತ್ತಿಗಳನ್ನು ನಮ್ಮ ಇಡೀ ದೇಶ ಬಾಯಿಪಾಠ ಮಾಡಿದ ಒಂದು ಬೇಸಿಗೆಯಿತ್ತು. 1999ರ ಕಾರ್ಗಿಲ್ ಯುದ್ಧ. ಪಾಯಿಂಟ್ 5140, ಪಾಯಿಂಟ್ 4875, ಪಾಯಿಂಟ್ 4700. ಸೇನೆಯ ನಕ್ಷೆಯಲ್ಲಿ ಹೆಸರಿಲ್ಲದ ಎತ್ತರದ ತಾಣಕ್ಕೆ ಅದರ ಎತ್ತರವನ್ನೇ ಮೀಟರಿನಲ್ಲಿ ಬರೆಯುತ್ತಾರೆ, ಆ ಅಂಕಿಯೇ ಅದರ ಗುರುತು. ಜೂನ್ 20ರಂದು 5140 ನಮ್ಮ ಕೈಗೆ ಬಂತು. ಆ ದಾಳಿಯಲ್ಲಿದ್ದ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಜುಲೈ 7ರಂದು 4875ರ ಮೇಲೆ ಪ್ರಾಣ ಕೊಟ್ಟರು. ಆ ತಾಣವನ್ನು ಈಗ ಬಾತ್ರಾ ಟಾಪ್ ಎನ್ನುತ್ತಾರೆ. ಫಿರಂಗಿ ದಳದ ನೆನಪಿಗೆ 2022ರಲ್ಲಿ 5140ಕ್ಕೆ ಗನ್ ಹಿಲ್ ಎಂದು ಹೆಸರಿಡಲಾಯಿತು. ಯಾರೂ ವಾಸಿಸದ, ಹುಲ್ಲೂ ಬೆಳೆಯದ ಬಂಡೆಯ ಮೇಲೆ ಮನುಷ್ಯರ ರಕ್ತ ಬಿದ್ದ ಮೇಲೆ ಅಂಕಿ ಸಾಲದಾಯಿತು. ನಾನು ಶಾಲೆ, ಕಾಲೇಜುಗಳಲ್ಲಿ ನಕ್ಷೆಯ ಬಗ್ಗೆ ಮಾತಾಡುವಾಗ ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಬರೀ ಎತ್ತರ ಹೇಳುವ ಅಂಕಿ ಹೆಸರಾಗಿ ಬದಲಾಗಲು ಏನು ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಭಾರವಾದ ಉದಾಹರಣೆ ನನ್ನ ಬಳಿ ಇಲ್ಲ.

ಹೆಸರಿಡುವುದು ಹಕ್ಕು ಸ್ಥಾಪಿಸುವ ಬಗೆಯೂ ಹೌದು. 2024ರಲ್ಲಿ ಭಾರತೀಯ ಪರ್ವತಾರೋಹಿಗಳ ತಂಡವೊಂದು ಅರುಣಾಚಲ ಪ್ರದೇಶದಲ್ಲಿ 6,383 ಮೀಟರಿನ ಹೆಸರಿಲ್ಲದ ಶಿಖರವೊಂದನ್ನು ಮೊದಲ ಬಾರಿಗೆ ಏರಿ, ತವಾಂಗ್ ಸೀಮೆಯಲ್ಲಿ ಹುಟ್ಟಿದ ಆರನೆಯ ದಲೈ ಲಾಮಾ ತ್ಸಾಂಗ್ಯಾಂಗ್ ಗ್ಯಾತ್ಸೋ ಅವರ ಹೆಸರನ್ನು ಇಟ್ಟಿತು. ಚೀನಾದ ವಿದೇಶಾಂಗ ಇಲಾಖೆ ಕೂಡಲೇ ಆಕ್ಷೇಪ ಎತ್ತಿತು. ಹೆಸರಿಲ್ಲದಿದ್ದಾಗ ಆ ನೆತ್ತಿಯ ಬಗ್ಗೆ ಯಾರೂ ಮಾತಾಡಿರಲಿಲ್ಲ.

ನೆಲದ ಮೇಲಿನ ಕತೆ ಇದಾದರೆ, ಹೆಸರಿಲ್ಲದ ಬೆಟ್ಟಗಳ ನಿಜವಾದ ದೊಡ್ಡ ರಾಶಿ ಇರುವುದು ನೀರಿನ ಕೆಳಗೆ. 2005ರ ಜನವರಿ 8ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಅಣುಶಕ್ತಿ ಜಲಾಂತರ್ಗಾಮಿ ಗುವಾಮ್ ದ್ವೀಪದ ದಕ್ಷಿಣಕ್ಕೆ ನೀರಿನಾಳದಲ್ಲಿ ಪೂರ್ಣ ವೇಗದಲ್ಲಿ ಸಾಗುತ್ತಿತ್ತು. ಎದುರಿಗಿದ್ದ ಬೆಟ್ಟ ಅವರು ಬಳಸುತ್ತಿದ್ದ ನಕ್ಷೆಯಲ್ಲಿ ಇರಲೇ ಇಲ್ಲ. ಡಿಕ್ಕಿಯಲ್ಲಿ ಒಬ್ಬ ನಾವಿಕ ಸತ್ತ, ಹತ್ತಾರು ಮಂದಿ ಗಾಯಗೊಂಡರು. 2021ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್ ಎಂಬ ಇನ್ನೊಂದು ಜಲಾಂತರ್ಗಾಮಿ ದಕ್ಷಿಣ ಚೀನಾ ಸಮುದ್ರದಲ್ಲಿ ಹಾಗೆಯೇ ನಕ್ಷೆಯಲ್ಲಿಲ್ಲದ ಬೆಟ್ಟಕ್ಕೆ ಬಡಿಯಿತು.

ಮಂಗಳನ ಮೇಲ್ಮೈಯನ್ನು ನಾವು ನಮ್ಮ ಸಾಗರತಳಕ್ಕಿಂತ ಚೆನ್ನಾಗಿ ಬಲ್ಲೆವು ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಬೆಳಕು, ರೇಡಿಯೋ ಅಲೆ ಎರಡೂ ನೀರಿನಲ್ಲಿ ಬಹುದೂರ ಹೋಗಲಾರವು. ಹಡಗಿನಿಂದ ಶಬ್ದವನ್ನು ಕೆಳಕ್ಕೆ ಬಿಟ್ಟು ಪ್ರತಿಧ್ವನಿ ಮರಳುವ ಹೊತ್ತನ್ನು ಅಳೆಯಬೇಕು, ಹೊಲ ಉಳುವವನ ಹಾಗೆ ಪಟ್ಟೆ ಪಟ್ಟೆಯಾಗಿ ಸಾಗರವನ್ನೆಲ್ಲ ತಿರುಗಬೇಕು. 2030ರೊಳಗೆ ಈ ಕೆಲಸ ಮುಗಿಸಬೇಕೆಂದು ಹೊರಟ ‘ಸೀಬೆಡ್ 2030’ ಯೋಜನೆ 2024ರ ಮಧ್ಯದ ಹೊತ್ತಿಗೆ ಕಾಲುಭಾಗಕ್ಕಿಂತ ತುಸು ಹೆಚ್ಚು ಮುಗಿಸಿತ್ತು.

ಉಳಿದ ಮುಕ್ಕಾಲು ಭಾಗದಲ್ಲಿ ಬೆಟ್ಟಗಳಿವೆ ಎಂದು ತಿಳಿಯುವ ದಾರಿಯೊಂದಿದೆ. ನನಗೆ ಗೊತ್ತಿರುವ ಅತಿ ಸುಂದರ ಉಪಾಯಗಳಲ್ಲಿ ಅದೂ ಒಂದು. ಬೆಟ್ಟದ ಕಲ್ಲು ನೀರಿಗಿಂತ ಸಾಂದ್ರ, ಹಾಗಾಗಿ ಅದರ ಗುರುತ್ವ ಸುತ್ತಲಿನ ನೀರನ್ನು ತನ್ನತ್ತ ತುಸು ಎಳೆದುಕೊಳ್ಳುತ್ತದೆ. ಎಳೆದ ನೀರು ಬೆಟ್ಟದ ಮೇಲೆ ರಾಶಿಯಾಗುತ್ತದೆ. ತಳದಲ್ಲಿ ಎರಡು ಕಿಲೋಮೀಟರ್ ಎತ್ತರದ ಜ್ವಾಲಾಮುಖಿ ಇದ್ದರೆ ಮೇಲೆ ಸಮುದ್ರವೇ ಸುಮಾರು ಎರಡು ಮೀಟರ್ ಉಬ್ಬಿರುತ್ತದೆ. ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿದ ಆ ಉಬ್ಬು ದೋಣಿಯಲ್ಲಿದ್ದವರಿಗೆ ಎಂದೂ ಗೊತ್ತಾಗದು. ಉಪಗ್ರಹದ ರೇಡಾರ್ ಸಮುದ್ರಮಟ್ಟವನ್ನು ಸೆಂಟಿಮೀಟರುಗಳ ನಿಖರತೆಯಲ್ಲಿ ಅಳೆಯುತ್ತ ಸುತ್ತುತ್ತದೆ, ಅಲೆ, ಉಬ್ಬರವಿಳಿತಗಳ ಪಾಲನ್ನು ಕಳೆದರೆ ಉಳಿಯುವುದು ತಳದ ಬೆಟ್ಟದ ಗುರುತು. 2011ರ ಪಟ್ಟಿಯೊಂದರಲ್ಲಿ 24,643 ಕಡಲಬೆಟ್ಟಗಳಿದ್ದವು. 2023ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಜೊತೆಗಾರರು ಇದೇ ದಾರಿಯಿಂದ ಹೊಸದಾಗಿ 19,325 ಬೆಟ್ಟಗಳನ್ನು ಸೇರಿಸಿದರು. ಹಳೆಯ ತಪ್ಪುಗಳನ್ನು ತೆಗೆದ ಮೇಲೂ ಒಟ್ಟು 43 ಸಾವಿರ ದಾಟಿತು. ಒಂದೇ ಪ್ರಬಂಧದಲ್ಲಿ ಹತ್ತೊಂಬತ್ತು ಸಾವಿರ ಬೆಟ್ಟ! ಹೆಸರಿರುವವು ಕೆಲವೇ ಸಾವಿರ.

ಹೆಸರು ಪಡೆದ ಕೆಲವುಗಳಲ್ಲಿ ನಮ್ಮವೂ ಇವೆ. ಹಿಂದೂ ಮಹಾಸಾಗರದ ತಳದಲ್ಲಿ ಸಂಶೋಧನಾ ನೌಕೆ ಸಾಗರ ಕನ್ಯಾದ ಹೆಸರಿನ ಬೆಟ್ಟವಿದೆ. ಭೂವಿಜ್ಞಾನಿ ವಾಡಿಯಾ, ಸಾಗರವಿಜ್ಞಾನಿ ಪಣಿಕ್ಕರ್ ಹೆಸರಿನವೂ ಇವೆ. ಇವುಗಳ ಜೊತೆಗೆ ರಾಮನ್ ಏಣು ಎಂಬ ಉದ್ದನೆಯ ಸಾಲೂ ಇದೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಇದು ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಬಂದದ್ದು ಎಂದು ಸಾಧಿಸಿದವರು ಸಿ. ವಿ. ರಾಮನ್. ಬದುಕಿನ ಕೊನೆಯ ದಶಕಗಳನ್ನು ಬೆಂಗಳೂರಿನಲ್ಲಿ ಕಳೆದ ಆ ವಿಜ್ಞಾನಿಯ ಹೆಸರು, ಆ ನೀಲಿ ತಲುಪದ ಕತ್ತಲಿನ ಏಣಿನ ಮೇಲಿದೆ. ಅದನ್ನು ಯಾರೂ ಕಣ್ಣಾರೆ ನೋಡಿ ಹೆಸರಿಟ್ಟದ್ದಲ್ಲ. ಕಾಣದ್ದಕ್ಕೆ ಇಟ್ಟ ಹೆಸರು.

ಮಂಜಿನ ಕೆಳಗೂ ಹೀಗೆಯೇ. 2013ರಲ್ಲಿ ಜೊನಾಥನ್ ಬ್ಯಾಂಬರ್ ಮತ್ತು ಸಂಗಡಿಗರು ವಿಮಾನದ ರೇಡಾರ್ ದತ್ತಾಂಶವನ್ನು ಜೋಡಿಸಿ ನೋಡಿದಾಗ ಗ್ರೀನ್‌ಲೆಂಡಿನ ಹಿಮದ ಹೊದಿಕೆಯಡಿ ಕನಿಷ್ಠ 750 ಕಿಲೋಮೀಟರ್ ಉದ್ದದ, ಕೆಲವೆಡೆ 800 ಮೀಟರ್ ಆಳದ ಕಮರಿಯೊಂದು ಕಂಡಿತು. ಹಿಮ ಹೊದೆಯುವ ಮೊದಲು ಅಲ್ಲಿ ನದಿ ಹರಿದಿತ್ತು. ಆ ನದಿಗೆ ಹೆಸರಿಡಲು ಆಗ ಭೂಮಿಯ ಮೇಲೆ ಮನುಷ್ಯರೇ ಇರಲಿಲ್ಲ.

ಚಂದ್ರನ ಮೇಲೆ ಒಂದು ಕಿಲೋಮೀಟರಿಗಿಂತ ಅಗಲದ ಕುಳಿಗಳನ್ನು ಎಣಿಸಿದವರಿಗೆ ಸಿಕ್ಕಿದ್ದು ಸುಮಾರು 13 ಲಕ್ಷ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ನಿಯಮ ಇಲ್ಲಿ ಮಾವನ ಮಾತಿಗೆ ಹತ್ತಿರ ಬರುತ್ತದೆ: ವೈಜ್ಞಾನಿಕ ಅಗತ್ಯವಿದ್ದಾಗ ಮಾತ್ರ ಹೆಸರು. ಚಿಕ್ಕ ಕುಳಿಗಳಿಗೆ ಪಕ್ಕದ ದೊಡ್ಡ ಕುಳಿಯ ಹೆಸರಿಗೆ ಒಂದು ಅಕ್ಷರ ಸೇರಿಸಿ ಕರೆಯುವ ರೂಢಿಯಿದೆ. ಚಂದ್ರಯಾನ-2ರ ಇಳಿದಾಣವನ್ನು ಮ್ಯಾಂಜಿನಸ್ ಸಿ ಮತ್ತು ಸಿಂಪೇಲಿಯಸ್ ಎನ್ ಎಂಬ ಎರಡು ಕುಳಿಗಳ ನಡುವೆ ಗೊತ್ತುಮಾಡಿದ್ದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ ಹೆಸರಿಲ್ಲದ ಆ ನೆಲದ ತುಣುಕಿಗೆ ಶಿವಶಕ್ತಿ ಎಂದಾಯಿತು, 2024ರ ಮಾರ್ಚಿನಲ್ಲಿ ಒಕ್ಕೂಟ ಒಪ್ಪಿಗೆ ಕೊಟ್ಟಿತು. ಕಾಲಿಟ್ಟ ಜಾಗಕ್ಕೆ ಹೆಸರು ಬಂತು.

ಇಷ್ಟು ಹೇಳಿದ ಮೇಲೆ, ಹೆಸರಿಲ್ಲದ್ದಕ್ಕೆಲ್ಲ ಹೆಸರಿಟ್ಟುಬಿಡಬೇಕೆ? ಬೇಡ ಎಂದು ಬರೆದಿಟ್ಟುಕೊಂಡ ದೇಶವೊಂದಿದೆ. ಅಮೆರಿಕದಲ್ಲಿ 1964ರ ಕಾಯ್ದೆಯ ಪ್ರಕಾರ ಕೆಲವು ಕಾಡು, ಪರ್ವತ ಪ್ರದೇಶಗಳನ್ನು ಮನುಷ್ಯನ ಕೈ ಸೋಕದಂತೆ ಬಿಡಲಾಗಿದೆ. ಅಂಥ ಪ್ರದೇಶದೊಳಗಿನ ಹೆಸರಿಲ್ಲದ ಶಿಖರ, ತೊರೆ, ಕೊಳಗಳಿಗೆ ಹೊಸ ಹೆಸರನ್ನು ಅಲ್ಲಿನ ಸ್ಥಳನಾಮ ಮಂಡಳಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಜನರ ಸುರಕ್ಷತೆ, ಶಿಕ್ಷಣ, ಆಡಳಿತದಂಥ ಬಲವಾದ ಕಾರಣ ಬೇಕು. ರಸ್ತೆಯಂತೆ, ಕಟ್ಟಡದಂತೆ ಹೆಸರೂ ಮನುಷ್ಯನ ಗುರುತೇ, ಅದೂ ಅಲ್ಲಿ ಬೇಡ ಎಂಬ ವಿಚಾರ. ಅಲ್ಲಿನ ಮೂಲನಿವಾಸಿಗಳು ಇಟ್ಟಿದ್ದ ಎಷ್ಟೋ ಹೆಸರುಗಳು ಅಳಿಸಿಹೋದ ಮೇಲೆ ಬಂದ ನಿಯಮ ಇದು ಎಂಬುದನ್ನು ಮರೆಯಬಾರದು. ಆದರೂ ಈ ನಿಯಮ ನನಗೆ ಇಷ್ಟ.

ಇಷ್ಟವಾದರೂ ನಮ್ಮ ಹಳ್ಳಗಳ ವಿಷಯಕ್ಕೆ ಬಂದಾಗ ಮನಸ್ಸು ಅಳುಕುತ್ತದೆ. ಕಂದಾಯದ ಗ್ರಾಮನಕ್ಷೆಯಲ್ಲಿ ಪ್ರತಿ ಹೊಲಕ್ಕೂ ಸರ್ವೆ ನಂಬರಿದೆ. ಊರವರ ಬಾಯಲ್ಲಿ ಅದೇ ಹೊಲಕ್ಕೆ ಹುಣಸೆಮರದ ಹೊಲ, ಬಾವಿ ಹೊಲ ಎಂಬ ಹೆಸರೂ ಇದೆ. ಅವುಗಳ ನಡುವೆ ಹರಿಯುವ ಹಳ್ಳಕ್ಕೆ ಹೆಸರಿಲ್ಲ. ಪಹಣಿಯಲ್ಲಿ ಅದರ ಜಾಗ ‘ಬಿ ಖರಾಬು’, ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಇಷ್ಟು ಗುಂಟೆ. ಊರು ನಗರವಾಗುವಾಗ ಮೊದಲು ಕಾಣೆಯಾಗುವುದು ಈ ಗುಂಟೆಗಳು. ಬೆಂಗಳೂರಿನಲ್ಲಿ ರಾಜಕಾಲುವೆಗಳನ್ನು ಪ್ರಥಮ, ದ್ವಿತೀಯ, ತೃತೀಯ ಎಂದು ವಿಂಗಡಿಸಿದ್ದಾರೆ. ಹಾರ್ಟನ್ ಎಣಿಸಿದ್ದನ್ನೇ ತಲೆಕೆಳಗಾಗಿ ಎಣಿಸಿದ ಹಾಗೆ. ತೃತೀಯದವು ಎಷ್ಟೋ ಬಡಾವಣೆಗಳ ಅಡಿಯಲ್ಲಿವೆ. 2022ರ ಸೆಪ್ಟೆಂಬರಿನ ಮಳೆಗೆ ನಗರದ ಪೂರ್ವಭಾಗ ಮುಳುಗಿದಾಗ ನೀರು ಹುಡುಕಿದ್ದು ತನ್ನ ಹಳೆಯ ಜಾಡನ್ನೇ. ಹೆಸರಿದ್ದರೆ ಇವು ಉಳಿಯುತ್ತಿದ್ದವು ಎಂದು ಹೇಳುವ ಧೈರ್ಯ ನನಗಿಲ್ಲ. ವೃಷಭಾವತಿಗೆ ಪುರಾಣದ ಹೆಸರೇ ಇದೆ, ಅದರ ಸ್ಥಿತಿ ಎಲ್ಲರೂ ಬಲ್ಲರು. ಆದರೆ ಮುಚ್ಚಿಹೋದದ್ದರ ಬಗ್ಗೆ ಅರ್ಜಿ ಬರೆಯಲು ಕೂತವರನ್ನು ನಾನು ನೋಡಿದ್ದೇನೆ. ‘ಸದರಿ ಸರ್ವೆ ನಂಬರಿನ ಪೂರ್ವಕ್ಕೆ ಇದ್ದ ಹಳ್ಳ’ ಎಂದು ಬರೆದು, ಮುಂದೆ ಏನು ಬರೆಯುವುದೆಂದು ತಿಳಿಯದೆ ಪೆನ್ನು ಹಿಡಿದುಕೊಂಡೇ ಕೂತಿದ್ದರು.

ಮಾವನಿಗೆ ಈಗ ಎಂಬತ್ತೆರಡು. ಸಂಕದ ಜಾಗದಲ್ಲಿ ಸಿಮೆಂಟಿನ ಮೋರಿ ಬಂದಿದೆ. ಪ್ರತಿವರ್ಷ ಜೂನ್ ತಿಂಗಳ ಒಂದು ಬೆಳಗ್ಗೆ ಅವರ ಫೋನು ಬರುತ್ತದೆ. ಹಿಂದೆ ಮಳೆಯ ಸದ್ದು, ಅದರ ಹಿಂದೆ ಇನ್ನೊಂದು ದಪ್ಪನೆಯ ಸದ್ದು. ಯೋಗಕ್ಷೇಮ ಆಮೇಲೆ, ಮೊದಲು ಎರಡೇ ಮಾತು.

“ಹಳ್ಳ ಬಂತು.”

ಯಾವ ಹಳ್ಳ ಎಂದು ನಾನು ಕೇಳುವುದಿಲ್ಲ.